ಶಾರ್ಟ್‌ವೇವ್ ಲೂಪ್: ಯಾವುದು ಎಂಬುದಕ್ಕೆ ಮೊದಲು ಎಲ್ಲಿ

ಹೈದರಾಬಾದಿನಂಥ ನಗರದ ಅಪಾರ್ಟ್‌ಮೆಂಟಿನಲ್ಲಿದ್ದುಕೊಂಡು ಶಾರ್ಟ್‌ವೇವ್ ಕೇಳಬೇಕೆನ್ನುವವರು ಇವತ್ತು ಮೊದಲು ವಿಚಾರಿಸುವುದು ಆಕ್ಟಿವ್ ಲೂಪ್ ಆಂಟೆನಾವನ್ನು. ಸುಮಾರು ಒಂದು ಮೀಟರ್ ಅಗಲದ ಲೋಹದ ಬಳೆ, ಅದರ ಬುಡದಲ್ಲೊಂದು ಪುಟ್ಟ ಆಂಪ್ಲಿಫೈಯರ್, ಅಲ್ಲಿಂದ ರೇಡಿಯೊವರೆಗೆ ಒಂದು ಕೇಬಲ್, ಇಷ್ಟೇ ಅದರ ಸ್ವರೂಪ. ಎಂಎಲ್‌ಎ-30 ಎಂಬ ಅಗ್ಗದ ಚೀನೀ ಲೂಪಿನಿಂದ ಹಿಡಿದು ಬ್ರಿಟನ್ನಿನ ವೆಲ್‌ಬ್ರೂಕ್ ಹೆಸರಿನ ದುಬಾರಿ ಲೂಪುಗಳವರೆಗೆ ಬೆಲೆಯ ಅಂತರ ಹಲವು ಪಟ್ಟು. ಕೊಳ್ಳುವವರ ಚರ್ಚೆಯೂ ಸಾಮಾನ್ಯವಾಗಿ ಯಾವ ಲೂಪ್ ಮೇಲು ಎಂಬಲ್ಲೇ ಸುತ್ತುತ್ತದೆ. ನನ್ನ ತೀರ್ಮಾನ ಬೇರೆ. ನಗರದಲ್ಲಿ ಒಂದು ಲೂಪಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸಕ್ಕಿಂತ, ಒಂದೇ ಲೂಪನ್ನು ಎರಡು ಜಾಗಗಳಲ್ಲಿಟ್ಟಾಗ ಕಾಣುವ ವ್ಯತ್ಯಾಸ ದೊಡ್ಡದು. ಹಣ ಖರ್ಚು ಮಾಡುವ ಮೊದಲು ಜಾಗ ಹುಡುಕಬೇಕು. ಜಾಗ ಸಿಕ್ಕ ಮೇಲೆ ಎಂಥ ಲೂಪ್ ಬೇಕೆಂಬುದು ಬಹುಮಟ್ಟಿಗೆ ತಾನಾಗಿ ನಿರ್ಧಾರವಾಗುತ್ತದೆ.

ಜಾಗ ಇಷ್ಟು ಮುಖ್ಯವಾಗಲು ಕಾರಣ ಮನೆಯ ಯಂತ್ರಗಳ ಗದ್ದಲ. 1935ರ ಫೆಬ್ರವರಿಯಲ್ಲಿ ಹೈದರಾಬಾದಿನಲ್ಲಿ ನಿಜಾಮರ ಸರಕಾರದ ಡೆಕ್ಕನ್ ರೇಡಿಯೊ ಪ್ರಸಾರ ಶುರುಮಾಡಿದಾಗ ಅದರ ಟ್ರಾನ್ಸ್‌ಮಿಟರಿನ ಶಕ್ತಿ ಬರೀ 200 ವ್ಯಾಟ್. ಆ ಕಾಲದ ಮನೆಯಲ್ಲಿ ರೇಡಿಯೊ ಅಲೆಗಳಿಗೆ ಅಡ್ಡಬರುವ ಯಂತ್ರಗಳು ಬೆರಳೆಣಿಕೆಯಷ್ಟು. ಈಗಿನ ಮನೆಯಲ್ಲಿ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಟಿವಿ, ಬಿಎಲ್‌ಡಿಸಿ ಫ್ಯಾನು, ಇನ್ವರ್ಟರ್, ವೈಫೈ ರೂಟರ್, ಇವೆಲ್ಲದರ ಒಳಗೂ ಸೆಕೆಂಡಿಗೆ ಹತ್ತಾರು ಸಾವಿರದಿಂದ ಲಕ್ಷಗಟ್ಟಲೆ ಬಾರಿ ವಿದ್ಯುತ್ತನ್ನು ಹಚ್ಚಿ ಆರಿಸುವ ಮಂಡಲಗಳಿವೆ. ಆ ಹಚ್ಚಿ ಆರಿಸುವಿಕೆ ಎಷ್ಟು ಚುರುಕೋ ಅದರ ಉಪತರಂಗಗಳು ಅಷ್ಟು ಮೇಲಿನ ಆವರ್ತನಗಳವರೆಗೆ ಹರಡುತ್ತವೆ. 3ರಿಂದ 30 ಮೆಗಾಹರ್ಟ್ಸ್‌ವರೆಗಿನ ಇಡೀ ಶಾರ್ಟ್‌ವೇವ್ ವಲಯ ಅವುಗಳ ದಾರಿಯಲ್ಲೇ ಇದೆ. ಮನೆಯ ವೈರಿಂಗ್ ಅವುಗಳ ಪಾಲಿಗೆ ಬಿಟ್ಟಿ ಆಂಟೆನಾ.

ಈ ಗದ್ದಲ ಎಷ್ಟೆಂಬುದಕ್ಕೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಪಿ.372 ಎಂಬ ಶಿಫಾರಸಿನಲ್ಲಿ ಒಂದು ಲೆಕ್ಕವಿದೆ. ಯಾವುದೇ ಪದಾರ್ಥದಲ್ಲಿ ಬರೀ ಉಷ್ಣತೆಯಿಂದಲೇ ಹುಟ್ಟುವ ಸಹಜ ಗದ್ದಲವನ್ನು ಅಳತೆಗೋಲು ಮಾಡಿಕೊಂಡರೆ, 10 ಮೆಗಾಹರ್ಟ್ಸ್‌ನಲ್ಲಿ ವಸತಿ ಬಡಾವಣೆಯ ಮಾನವನಿರ್ಮಿತ ಗದ್ದಲ ಅದಕ್ಕಿಂತ ಸುಮಾರು 45 ಡೆಸಿಬೆಲ್ ಮೇಲಿರುತ್ತದೆ. ಡೆಸಿಬೆಲ್ ಬಿಟ್ಟು ಹೇಳುವುದಾದರೆ ಸುಮಾರು ಮೂವತ್ತು ಸಾವಿರ ಪಟ್ಟು. ಮನುಷ್ಯರ ಯಂತ್ರಗಳಿಂದ ತೀರ ದೂರವಿರುವ ಹಳ್ಳಿಗಾಡಿನಲ್ಲಿ ಅದು ಸುಮಾರು 25 ಡೆಸಿಬೆಲ್. ಒಂದು ಸಾಧಾರಣ ರಿಸೀವರಿನ ಸ್ವಂತ ಗದ್ದಲವಾದರೋ 10ರಿಂದ 15 ಡೆಸಿಬೆಲ್ ಮಾತ್ರ. ಈ ಮೂರು ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ಮುಖ್ಯವಾದ ಒಂದು ಸಂಗತಿ ಹೊಳೆಯುತ್ತದೆ. ಬಡಾವಣೆಯಲ್ಲಿರುವ ಆಂಟೆನಾ ತನಗೆ ಸಿಕ್ಕ ಶಕ್ತಿಯಲ್ಲಿ ಸಾವಿರದಲ್ಲೊಂದು ಪಾಲನ್ನಷ್ಟೇ ರೇಡಿಯೊಕ್ಕೆ ಮುಟ್ಟಿಸಿದರೂ ಕೇಳುವವನಿಗೆ ಹೆಚ್ಚಿನ ನಷ್ಟವಿಲ್ಲ, ಏಕೆಂದರೆ ನಿಲಯದ ದನಿಯೂ ಹೊರಗಿನ ಗದ್ದಲವೂ ಒಟ್ಟಿಗೇ ಕುಗ್ಗುತ್ತವೆ. ಕಿವಿಗೆ ಬೇಕಾದದ್ದು ಇವೆರಡರ ನಡುವಿನ ಅಂತರ. ಮೀಟರಿನ ಮುಳ್ಳು ಎಷ್ಟು ಮೇಲೆದ್ದಿತು ಎಂಬುದು ಆ ಅಂತರದ ಬಗ್ಗೆ ಏನನ್ನೂ ಹೇಳುವುದಿಲ್ಲ. ಪಿ.372ರ ಈ ಅಂಕಿಗಳ ಮೂಲ ಅಳತೆಗಳು ಹಲವು ದಶಕ ಹಳೆಯವು, ಎಲ್‌ಇಡಿಯೂ ಚಾರ್ಜರೂ ಮನೆ ತುಂಬುವ ಮುಂಚಿನವು ಎಂಬ ಆಕ್ಷೇಪ ಸರಿಯಾದದ್ದೇ. ಆದರೆ ಈಗ ಗದ್ದಲ ಅದಕ್ಕಿಂತ ಹೆಚ್ಚಿದೆ ಎಂದುಕೊಂಡರೆ ವಾದ ಇನ್ನಷ್ಟು ಗಟ್ಟಿಯಾಗುತ್ತದೆಯೇ ಹೊರತು ಸಡಿಲವಾಗುವುದಿಲ್ಲ.

ಒಂದು ಮೀಟರಿನ ಬಳೆ ಹತ್ತಾರು ಮೀಟರ್ ಉದ್ದದ ತಂತಿಯ ಸಮಕ್ಕೆ ನಿಲ್ಲಬಲ್ಲದ್ದು ಈ ಕಾರಣದಿಂದಲೇ. ರೇಡಿಯೊ ಅಲೆಯ ಕಾಂತಕ್ಷೇತ್ರ ಬಳೆಯೊಳಗೆ ಹಾಯ್ದಾಗ ಅದರಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಆವರ್ತನ ಏರಿದಂತೆ ಆ ವೋಲ್ಟೇಜೂ ಏರುತ್ತದೆ. ಬಳೆಯ ಇಂಡಕ್ಟೆನ್ಸ್ ವಿದ್ಯುತ್ತಿಗೆ ಒಡ್ಡುವ ತಡೆಯೂ ಅದೇ ಪ್ರಮಾಣದಲ್ಲಿ ಏರುತ್ತದೆ. ಬಳೆಯ ಎರಡು ತುದಿಗಳನ್ನು ತೀರ ಕಡಿಮೆ ತಡೆಯಿರುವ ಆಂಪ್ಲಿಫೈಯರಿಗೆ ಜೋಡಿಸಿದರೆ ಈ ಎರಡು ಏರಿಕೆಗಳು ಒಂದನ್ನೊಂದು ಹೊಡೆದುಹಾಕುತ್ತವೆ; ಹರಿಯುವ ಕರೆಂಟು ಮೀಡಿಯಂ ವೇವ್‌ನಿಂದ ಶಾರ್ಟ್‌ವೇವಿನ ತುದಿಯವರೆಗೂ ಹೆಚ್ಚುಕಡಿಮೆ ಒಂದೇ ಸಮವಾಗಿರುತ್ತದೆ. ಟ್ಯೂನ್ ಮಾಡುವ ಗೊಡವೆಯಿಲ್ಲ. ಕರೆಂಟಿನ ಪ್ರಮಾಣ ಬಳೆಯ ವಿಸ್ತೀರ್ಣವನ್ನು ಇಂಡಕ್ಟೆನ್ಸಿನಿಂದ ಭಾಗಿಸಿದಷ್ಟು. ವ್ಯಾಸ ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟು, ಇಂಡಕ್ಟೆನ್ಸ್ ಎರಡು ಪಟ್ಟಿಗಿಂತ ತುಸು ಹೆಚ್ಚು. ಒಟ್ಟು ಲಾಭ ಸುಮಾರು ಎರಡು ಪಟ್ಟು. ತೆಳು ತಂತಿಯ ಬದಲು ದಪ್ಪ ಕೊಳವೆ ಬಳಸಿದರೂ ಇಂಡಕ್ಟೆನ್ಸ್ ಇಳಿದು ಅಷ್ಟಿಷ್ಟು ಲಾಭವಾಗುತ್ತದೆ. ಈ ಲಾಭ ಯಾರಿಗೆ ಬೇಕು? ಊರ ಹೊರಗಿನ ತೋಟದ ಮನೆಯಲ್ಲಿ ಕೇಳುವವರಿಗೆ. ಅಲ್ಲಿ ಹೊರಗಿನ ಗದ್ದಲ ಕಡಿಮೆ, ಆಂಪ್ಲಿಫೈಯರಿನ ಸ್ವಂತ ಗದ್ದಲವೇ ಮುಂದಾಗಿ ಕಾಣುತ್ತದೆ. ದೊಡ್ಡ ಬಳೆಗೂ ಒಳ್ಳೆಯ ಆಂಪ್ಲಿಫೈಯರಿಗೂ ಕೊಟ್ಟ ಹಣ ಅಲ್ಲಿ ಸಾರ್ಥಕ. ಹೈದರಾಬಾದಿನ ಅಮೀರ್‌ಪೇಟೆಯ ಐದನೇ ಅಂತಸ್ತಿನಲ್ಲಿ ಆ ಮಾತು ಬರುವುದಿಲ್ಲ.

ಲೂಪ್ ಕಾಂತಕ್ಷೇತ್ರವನ್ನಷ್ಟೇ ಹಿಡಿಯುತ್ತದೆ, ಮನೆಯ ಗದ್ದಲ ವಿದ್ಯುತ್ ಕ್ಷೇತ್ರದ್ದು, ಹಾಗಾಗಿ ಲೂಪಿಗೆ ಗದ್ದಲ ತಾಕದು ಎಂಬ ನಂಬಿಕೆ ಮಾರಾಟದ ಮಾತಾಗಿ ಬಹಳ ಹರಡಿದೆ. ಇದು ಅರ್ಧ ಸತ್ಯ. ಮೂಲದಿಂದ ದೂರ ಸಾಗಿದ ಯಾವ ರೇಡಿಯೊ ಅಲೆಯಲ್ಲೂ ಎರಡು ಕ್ಷೇತ್ರಗಳು ನಿಗದಿತ ಪ್ರಮಾಣದಲ್ಲಿ ಜೊತೆಗೇ ಇರುತ್ತವೆ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದೆ ಎನ್ನುವುದಕ್ಕೆ ಅಲ್ಲಿ ಅರ್ಥವಿಲ್ಲ. ಮೂಲಕ್ಕೆ ತೀರ ಹತ್ತಿರದಲ್ಲಿ ಮಾತ್ರ ಒಂದು ಕ್ಷೇತ್ರ ಇನ್ನೊಂದಕ್ಕಿಂತ ಪ್ರಬಲವಾಗಿರಬಹುದು. ಆ ಹತ್ತಿರದ ಎಲ್ಲೆ ಅಲೆಯುದ್ದದ ಸುಮಾರು ಆರನೇ ಒಂದು ಭಾಗ. 1 ಮೆಗಾಹರ್ಟ್ಸ್‌ನ ಮೀಡಿಯಂ ವೇವ್‌ನಲ್ಲಿ ಅದು 48 ಮೀಟರ್. ಇಡೀ ಮನೆ, ಪಕ್ಕದ ಮನೆ ಎಲ್ಲವೂ ಅದರೊಳಗೆ ಬರುತ್ತವೆ. 10 ಮೆಗಾಹರ್ಟ್ಸ್‌ನಲ್ಲಿ ಅದು ಐದು ಮೀಟರಿಗೂ ಕಡಿಮೆ, ಅಂದರೆ ಎರಡು ಕೋಣೆಗಳಷ್ಟು. ಶಾರ್ಟ್‌ವೇವಿನ ಮೇಲಿನ ಬ್ಯಾಂಡುಗಳಲ್ಲಿ ಮಹಡಿಯಾಚೆಯ ಚಾರ್ಜರಿನ ಗದ್ದಲ ಲೂಪಿಗೂ ತಂತಿಗೂ ಒಂದೇ. ಚಾರ್ಜರಿನೊಳಗಿನ ಟ್ರಾನ್ಸ್‌ಫಾರ್ಮರು, ಲಿಫ್ಟಿನ ಮೋಟಾರು ನಿಯಂತ್ರಕ ಇವು ಕಾಂತಕ್ಷೇತ್ರವನ್ನೇ ಹೊಮ್ಮಿಸುವುದರಿಂದ ಹತ್ತಿರವಿದ್ದಾಗ ಲೂಪಿಗೆ ಇನ್ನೂ ಹೆಚ್ಚು ಕಾಟ ಕೊಡಬಲ್ಲವು.

ಹಾಗಾದರೆ ಲೂಪಿನ ನಿಜವಾದ ಮೇಲುಗೈ ಯಾವುದು? ಅದು ಚಿಕ್ಕದು, ಒಯ್ಯಲು ಹಗುರ, ಭೂಸಂಪರ್ಕ ಕೇಳುವುದಿಲ್ಲ. ಕಿಟಕಿಯಿಂದ ಇಳಿಬಿಟ್ಟ ಉದ್ದ ತಂತಿ ನೋಡಲು ಒಂದೇ ತಂತಿಯಾದರೂ ಆಂಟೆನಾಕ್ಕೆ ಇನ್ನೊಂದು ಅರ್ಧ ಬೇಕೇ ಬೇಕು. ರೇಡಿಯೊ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ್ದರೆ ಮನೆಯ ವೈರಿಂಗೇ ಆ ಇನ್ನರ್ಧವಾಗುತ್ತದೆ. ಗದ್ದಲ ನೇರವಾಗಿ ಒಳಬರುತ್ತದೆ. ಹತ್ತು ರೂಪಾಯಿಯ ತಂತಿ ಇರುವಾಗ ಲೂಪ್ ಯಾಕೆ ಎಂದು ಕೇಳುವವರಿಗೆ ನನ್ನ ಉತ್ತರ ಇದು: ಬಯಲು ಜಾಗವಿದ್ದರೆ ತಂತಿಯೇ ಸಾಕು, ಅಪಾರ್ಟ್‌ಮೆಂಟಿನಲ್ಲಿ ಆ ತಂತಿ ಗದ್ದಲದ ಕೊನೆಯ ಕೊಂಡಿ. ದಖ್ಖನ್ನಿನ ಗ್ರಾನೈಟ್ ನೆಲ ವಿದ್ಯುತ್ ವಾಹಕವಾಗಿ ದುರ್ಬಲ, ಅರ್ಥಿಂಗ್ ಚೆನ್ನಾಗಿ ಸಿಗುವುದೇ ಕಷ್ಟ. ಭೂಸಂಪರ್ಕವನ್ನು ನಂಬಿ ನಿಲ್ಲುವ ಲಂಬ ತಂತಿಗೆ ಅದು ಕೊರತೆ, ಲೂಪಿಗೆ ಅಷ್ಟಾಗಿ ಬಾಧಕವಲ್ಲ. ಇನ್ನೊಂದು ಲಾಭ ಆಕಾಶದ ಕಡೆಯದು. ನಾನೂರು, ಐನೂರು ಕಿಲೊಮೀಟರ್ ದೂರದ ನಿಲಯದ ಅಲೆ ಅಯಾನುಗೋಳಕ್ಕೆ ತಾಗಿ ಇಳಿಯುವಾಗ ಸುಮಾರು 45ರಿಂದ 50 ಡಿಗ್ರಿ ಎತ್ತರದಿಂದ ಬರುತ್ತದೆ. ನೆಟ್ಟಗೆ ನಿಂತ ಕಡ್ಡಿ ಆಂಟೆನಾಕ್ಕೆ ನೆತ್ತಿಯ ಕಡೆಯದು ಕೇಳಿಸುವುದೇ ಇಲ್ಲ; ನೆಟ್ಟಗೆ ನಿಲ್ಲಿಸಿದ ಬಳೆ ತನ್ನ ಸಮತಲದಲ್ಲಿ ಬರುವುದನ್ನು ದಿಗಂತದಿಂದ ನೆತ್ತಿಯವರೆಗೂ ಒಂದೇ ತೆರನಾಗಿ ಸ್ವೀಕರಿಸುತ್ತದೆ.

ಈಗ ಜಾಗದ ಮಾತು. ಒಂದು ಪುಟ್ಟ ಗದ್ದಲ ಮೂಲದ ಸಮೀಪ ವಲಯದಲ್ಲಿ ಕ್ಷೇತ್ರದ ಬಲ ದೂರದ ಘನಕ್ಕೆ ವಿಲೋಮವಾಗಿ ಇಳಿಯುತ್ತದೆ. ದೂರ ಎರಡು ಪಟ್ಟಾದರೆ ಬಲ ಎಂಟನೇ ಒಂದು, ಅಂದರೆ 18 ಡೆಸಿಬೆಲ್ ಇಳಿಕೆ. ಒಂದು ಮೀಟರ್ ದೂರದಲ್ಲಿದ್ದ ಲೂಪನ್ನು ನಾಲ್ಕು ಮೀಟರಿಗೆ ಸರಿಸಿದರೆ 36 ಡೆಸಿಬೆಲ್. ಯಾವ ದುಬಾರಿ ಆಂಪ್ಲಿಫೈಯರೂ ಕೊಡಲಾರದ ಲಾಭ ಇದು, ಖರ್ಚು ಕೆಲವು ಮೀಟರ್ ಕೇಬಲ್. ವೈರಿಂಗ್ ಉದ್ದಕ್ಕೂ ಹರಡಿಕೊಂಡ ಗದ್ದಲ ಇಷ್ಟು ಬೇಗ ಇಳಿಯುವುದಿಲ್ಲ, ನಿಜ. ಆದರೂ ಗೋಡೆಯಿಂದ ದೂರ ಸರಿದಷ್ಟೂ ಒಳಿತು. ಮಾಳಿಗೆ ಎಂದರೆ ತಂತಾನೇ ಒಳ್ಳೆಯ ಜಾಗ ಎಂದು ಭಾವಿಸಬಾರದು. ಲಿಫ್ಟಿನ ಯಂತ್ರಕೋಣೆ ಅಲ್ಲೇ, ಸೋಲಾರ್ ಫಲಕಗಳೂ ಅವುಗಳಿಂದಿಳಿಯುವ ತಂತಿಗಳೂ ಅಲ್ಲೇ, ನೀರಿನ ಟ್ಯಾಂಕಿನ ಪಂಪಿನ ವೈರೂ ಅಲ್ಲೇ. ಸೋಲಾರ್ ಇನ್ವರ್ಟರ್ ಬಿಸಿಲಿರುವಷ್ಟು ಹೊತ್ತು ಕಿರುಚುತ್ತದೆ, ಸಂಜೆಗೆ ಸುಮ್ಮನಾಗುತ್ತದೆ. ಹಗಲು ಮಾತ್ರ ಇರುವ ಗದ್ದಲ ಕಂಡರೆ ಮೊದಲ ಅನುಮಾನ ಅದರ ಮೇಲಿರಲಿ. ಬ್ಯಾಟರಿಯಲ್ಲಿ ನಡೆಯುವ ಒಂದು ಪುಟ್ಟ ಟ್ರಾನ್ಸಿಸ್ಟರನ್ನು ನಿಲಯವಿಲ್ಲದ ಆವರ್ತನಕ್ಕೆ ತಿರುಗಿಸಿ ಮಾಳಿಗೆಯ ಮೂಲೆ ಮೂಲೆಗೂ ನಡೆದರೆ ಎಲ್ಲಿ ಸದ್ದು ಕಡಿಮೆ ಎಂದು ಗೊತ್ತಾಗುತ್ತದೆ. ಮನೆಯ ಮೇನ್ ಸ್ವಿಚ್ಚನ್ನು ಒಂದು ಕ್ಷಣ ಇಳಿಸಿ ಕೇಳಿದರೆ ಗದ್ದಲದಲ್ಲಿ ನಮ್ಮ ಪಾಲೆಷ್ಟು, ನೆರೆಯವರ ಪಾಲೆಷ್ಟು ಎಂದು ತಿಳಿಯುತ್ತದೆ. ಲೂಪಿಗೆ ಎತ್ತರದ ಕಂಬ ಬೇಕಿಲ್ಲ; ಚಾವಣಿಯ ಕಬ್ಬಿಣದಿಂದ ಒಂದೂವರೆ, ಎರಡು ಮೀಟರ್ ಮೇಲಿದ್ದರೆ ಸಾಕು. ಮಾಳಿಗೆಗೆ ಅಸೋಸಿಯೇಷನ್ನಿನ ಒಪ್ಪಿಗೆ ಸಿಗದಿದ್ದರೆ ಬಾಲ್ಕನಿಯೇ ಗತಿ. ಅಲ್ಲಿ ಗ್ರಿಲ್ಲಿನ ಕಬ್ಬಿಣ ಕಾಂತಕ್ಷೇತ್ರವನ್ನು ಅಡ್ಡಗಟ್ಟುವುದರಿಂದ ಬಳೆಯನ್ನು ಗ್ರಿಲ್ಲಿನ ಆಚೆಗೆ, ಕೆಳಗೆ ಬೀಳದಂತೆ ಭದ್ರವಾಗಿ ಕಟ್ಟಬೇಕು.

ಬಳೆಯನ್ನು ತಿರುಗಿಸುವುದರಲ್ಲೂ ಫಲವಿದೆ. ಬಳೆಯ ಅಂಚು ಯಾವ ಕಡೆಗಿದೆಯೋ ಆ ಕಡೆಯ ಅಲೆ ಪೂರ್ತಿ ಸಿಗುತ್ತದೆ. ಬಳೆಯೊಳಗೆ ಕಣ್ಣಿಟ್ಟು ನೋಡಿದಾಗ ಕಾಣುವ ದಿಕ್ಕಿನದು ಸತ್ತುಹೋಗುತ್ತದೆ. ಸ್ವೀಕರಿಸುವ ದಿಕ್ಕು ಅಗಲವಾದದ್ದು, 45 ಡಿಗ್ರಿ ಓರೆಯಾದರೂ ನಷ್ಟ 3 ಡೆಸಿಬೆಲ್. ಸಾಯಿಸುವ ದಿಕ್ಕು ಮಾತ್ರ ಚೂಪು. ಆದ್ದರಿಂದ ಬೇಕಾದ ನಿಲಯದತ್ತ ತಿರುಗಿಸುವುದಕ್ಕಿಂತ ಬೇಡದ್ದನ್ನು ಆ ಚೂಪು ದಿಕ್ಕಿಗೆ ಸಿಕ್ಕಿಸುವುದು ಜಾಣತನ. ಹೈದರಾಬಾದಿನ ಕನ್ನಡಿಗರಿಗೆ ಇದರ ಒಳ್ಳೆಯ ಪರೀಕ್ಷೆ ಮೀಡಿಯಂ ವೇವ್‌ನಲ್ಲಿದೆ. ಹೈದರಾಬಾದ್ ಆಕಾಶವಾಣಿಯ ಆವರ್ತನ 738 ಕಿಲೊಹರ್ಟ್ಸ್, ಶಕ್ತಿ 200 ಕಿಲೊವ್ಯಾಟ್, ಧಾರವಾಡದ್ದು 765. ನಡುವೆ 27 ಕಿಲೊಹರ್ಟ್ಸ್ ಅಂತರ, ಒಂದು ಊರಲ್ಲೇ ಇರುವ ದೈತ್ಯ, ಇನ್ನೊಂದು ನೈಋತ್ಯಕ್ಕೆ ನಾನೂರಕ್ಕೂ ಹೆಚ್ಚು ಕಿಲೊಮೀಟರ್ ಆಚೆ. ರಾತ್ರಿ ಬಳೆಯನ್ನು ತಿರುಗಿಸಿ ಸ್ಥಳೀಯ ನಿಲಯವನ್ನು ಇಪ್ಪತ್ತು, ಮೂವತ್ತು ಡೆಸಿಬೆಲ್ ತಗ್ಗಿಸಿದರೆ ಧಾರವಾಡಕ್ಕೆ ಎಡೆಯಾಗುತ್ತದೆ. ಬಹುಮಟ್ಟಿಗೆ ನೇರ ಪಶ್ಚಿಮದಲ್ಲಿರುವ ಕಲಬುರಗಿಯ 1107ಕ್ಕೂ ಇದೇ ಉಪಾಯ. ನೆಲದ ಮೇಲೆ ಹರಿದು ಬರುವ ಅಲೆ ಹೀಗೆ ಚೊಕ್ಕವಾಗಿ ಸಾಯುತ್ತದೆ. ಆಕಾಶದಿಂದಿಳಿಯುವ ಶಾರ್ಟ್‌ವೇವ್ ಅಲೆ ದಿಕ್ಕನ್ನೂ ಧ್ರುವಣವನ್ನೂ ಕ್ಷಣಕ್ಷಣಕ್ಕೂ ಬದಲಿಸುವುದರಿಂದ ಹಾಗೆ ಸಾಯುವುದಿಲ್ಲ. ಅದು ಕೊರತೆಯಲ್ಲ, ಅನುಕೂಲವೇ: ಪಕ್ಕದ ಮನೆಯ ಗದ್ದಲವನ್ನು ಸಾಯಿಸಿದಾಗ ದೂರದ ನಿಲಯ ಉಳಿದುಕೊಳ್ಳುತ್ತದೆ. ಸ್ಥಳೀಯ ನಿಲಯವನ್ನು ತಗ್ಗಿಸಲು ಮತ್ತೊಂದು ಕಾರಣವೂ ಇದೆ. ಅಗ್ಗದ ಆಂಪ್ಲಿಫೈಯರು ಅಷ್ಟು ಪ್ರಬಲ ಸಂಕೇತದ ಎದುರು ತತ್ತರಿಸಿ, ಆಕಾಶದಲ್ಲಿಲ್ಲದ ನಿಲಯಗಳನ್ನು ತಾನೇ ಸೃಷ್ಟಿಸುತ್ತದೆ. 738ನ್ನೂ ಹೈದರಾಬಾದಿನದೇ ಆದ 1377ನ್ನೂ ಕೂಡಿಸಿದರೆ 2115. ಅಲ್ಲಿ ಎರಡು ಕಾರ್ಯಕ್ರಮಗಳೂ ಬೆರೆತು ಕೇಳಿಸಿದರೆ ಅದು ಆಂಪ್ಲಿಫೈಯರ್ ಸೋತದ್ದರ ಸೂಚನೆ. ಲೂಪ್ ಆರಿಸುವಾಗ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂದು ಕೇಳುವ ಬದಲು ಎಷ್ಟು ಬಲದ ಸಂಕೇತವನ್ನು ಕೆಡದೆ ತಾಳುತ್ತದೆ ಎಂದು ಕೇಳಬೇಕು. ನಗರದಲ್ಲಿ ಹೆಚ್ಚು ಹಣ ಕೊಡಲು ನಾನು ಒಪ್ಪುವ ಗುಣ ಇದೊಂದೇ.

ಜಾಗ ಸರಿಯಿದ್ದೂ ಗದ್ದಲ ಉಳಿದರೆ ತಪ್ಪು ಬಹುತೇಕ ಕೇಬಲಿನದು. ಕೋಆಕ್ಸಿಯಲ್ ಕೇಬಲಿನ ಹೊರಕವಚ ಮನೆಯ ಗದ್ದಲವನ್ನು ಮಾಳಿಗೆಯವರೆಗೆ ಹೊತ್ತು ಬಳೆಗೆ ಮುಟ್ಟಿಸುತ್ತದೆ. ಕೇಬಲನ್ನು ಶಾರ್ಟ್‌ವೇವಿಗೆ ಹೊಂದುವ ಫೆರೈಟ್ ಉಂಗುರದ ಮೂಲಕ ಹತ್ತು ಹನ್ನೆರಡು ಸುತ್ತು ಹಾಯಿಸಿದರೆ ಆ ಹರಿವು ನಿಲ್ಲುತ್ತದೆ. ಒಂದು ಬಳೆಯ ಬುಡದಲ್ಲಿ, ಇನ್ನೊಂದು ರೇಡಿಯೊದ ಬಳಿ. ಆಂಪ್ಲಿಫೈಯರಿಗೆ ವಿದ್ಯುತ್ತೂ ಇದೇ ಕೇಬಲಿನಲ್ಲಿ ಹೋಗುತ್ತದೆ. ಆ ವಿದ್ಯುತ್ತನ್ನು ಮೊಬೈಲ್ ಚಾರ್ಜರಿನಿಂದ ಕೊಟ್ಟರೆ ಓಡಿಸಿದ ಗದ್ದಲವನ್ನು ಕೈಯಾರೆ ಮರಳಿ ಕರೆದಂತೆ. ಬ್ಯಾಟರಿ ಅಥವಾ ಹಳೆಯ ಮಾದರಿಯ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ ಬಳಸುವುದು ಕ್ಷೇಮ.

ಎಲ್ಲವೂ ಮೊಬೈಲಿನಲ್ಲಿ ಸಿಗುವಾಗ ಈ ಪಾಡು ಏಕೆ ಎಂಬ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಬಿಬಿಸಿ ಹಿಂದಿಯ ಶಾರ್ಟ್‌ವೇವ್ ಪ್ರಸಾರ 2020ರ ಜನವರಿಯಲ್ಲಿ ನಿಂತಿತು, ದೊಡ್ಡ ನಿಲಯಗಳು ಒಂದೊಂದಾಗಿ ಕಡಿಮೆಯಾಗುತ್ತಿವೆ. ಆದರೆ ಜಾಲವೇ ಕಡಿದುಹೋದಾಗ ಉಳಿಯುವ ದಾರಿ ಇದು. 1983ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆಚೂರ್ ರೇಡಿಯೊದ ತಂಡ 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಅವರ ಮುಂದಾಳತ್ವದಲ್ಲಿ ಹವ್ಯಾಸಕ್ಕೆಂದು ಅಂಡಮಾನಿಗೆ ಹೋಗಿತ್ತು. 26ರಂದು ಸುನಾಮಿ ಅಪ್ಪಳಿಸಿದಾಗ ಅದೇ ಶಾರ್ಟ್‌ವೇವ್ ಸಲಕರಣೆ ದ್ವೀಪದ ಸುದ್ದಿಯನ್ನು ಮುಖ್ಯಭೂಮಿಗೆ ಮುಟ್ಟಿಸಿತು. ಅಂಥ ಹೊತ್ತಿನಲ್ಲಿ ಬರುವ ಸಂಕೇತಗಳು ಕ್ಷೀಣವಾದವು, ಗದ್ದಲದಲ್ಲಿ ಮೊದಲು ಮುಳುಗುವವು.

ಜಾಗ, ಕೇಬಲ್, ದಿಕ್ಕು ಎಲ್ಲ ಸರಿಮಾಡಿಕೊಂಡ ಮೇಲೂ ಕೈಗೆ ಸಿಗದ ಒಂದು ಗದ್ದಲವಿದೆ, ಮಿಂಚಿನದು. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ದಖ್ಖನ್ನಿನ ಮೇಲೆ ಸಿಡಿಲಿನ ಮೋಡ ಕಟ್ಟಿದಾಗ ಕೆಳಗಿನ ಬ್ಯಾಂಡುಗಳು ಚಟಪಟ ಸದ್ದಿನಿಂದ ತುಂಬುತ್ತವೆ. ಅದು ನೂರಾರು ಕಿಲೊಮೀಟರ್ ದೂರದಿಂದಲೂ ಅಯಾನುಗೋಳದ ಮೂಲಕವೇ ಬರುವುದರಿಂದ ಬಳೆ ತಿರುಗಿಸಿ ಪ್ರಯೋಜನವಿಲ್ಲ. ಆಗ 4, 5 ಮೆಗಾಹರ್ಟ್ಸ್ ಬಿಟ್ಟು 9ರಿಂದ 15ರ ಕಡೆಗೆ ಏರಬೇಕು. ಮೋಡ ಊರ ಮೇಲೆಯೇ ಬಂದಿದ್ದರೆ ಕೇಳುವುದನ್ನು ನಿಲ್ಲಿಸಬೇಕು. ಮಾಳಿಗೆಯ ಬಳೆಗೆ ಸಿಡಿಲು ನೇರವಾಗಿ ಬಡಿಯಬೇಕೆಂದೇನಿಲ್ಲ, ಹತ್ತಿರ ಬಿದ್ದರೂ ಅದರಲ್ಲಿ ಹುಟ್ಟುವ ವೋಲ್ಟೇಜು ಆಂಪ್ಲಿಫೈಯರನ್ನೂ ರೇಡಿಯೊವನ್ನೂ ಸುಡಬಲ್ಲದು. ಆದ್ದರಿಂದ ಮೋಡ ದೂರವಿರುವಾಗಲೇ ಕೇಬಲನ್ನು ರೇಡಿಯೊದಿಂದ ಬಿಚ್ಚಿ, ಅದರ ತುದಿಯನ್ನು ಕಿಟಕಿಯ ಹೊರಗೆ ಬಿಡಬೇಕು.