ಪಡಿಯಚ್ಚು ತೆಗೆಯುವ ಮುನ್ನ

ಒಂದೇ ಇಮೇಜಿನಿಂದ ಎರಡು ಉಬುಂಟು ಸರ್ವರ್‌ಗಳನ್ನು ಸಿದ್ಧಪಡಿಸಿದ್ದೀರಿ. ಮೊದಲನೆಯದು ಸಲೀಸಾಗಿ ನೆಟ್‌ವರ್ಕ್ ಸೇರಿತು. ಎರಡನೆಯದನ್ನು ಆನ್ ಮಾಡಿದ್ದೇ ತಡ, ಮೊದಲನೆಯದರ ಸಂಪರ್ಕ ತಪ್ಪಿಹೋಯಿತು. ನೋಡಿದರೆ ಎರಡಕ್ಕೂ ಒಂದೇ ಐಪಿ ವಿಳಾಸ! ಮ್ಯಾಕ್ ವಿಳಾಸಗಳು ಬೇರೆ ಬೇರೆ ಇವೆ, ಕೇಬಲ್ ಸರಿಯಿದೆ, ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್‌ನಲ್ಲೂ ದೋಷವಿಲ್ಲ.

ದೋಷ ಇರುವುದು ‘ಮಷೀನ್-ಐಡಿ’ ಎಂಬ ಪುಟ್ಟ ಕಡತದಲ್ಲಿ. ಅದರೊಳಗೆ 32 ಅಕ್ಷರಗಳ ಒಂದೇ ಒಂದು ಸಾಲು ಇರುತ್ತದೆ, ಆ ಯಂತ್ರದ ಗುರುತು. ಉಬುಂಟು 18.04ರಿಂದೀಚೆಗೆ ಸರ್ವರ್‌ಗಳು ಡಿಎಚ್‌ಸಿಪಿಯ ಮುಂದೆ ‘ನಾನು ಇಂಥವನು’ ಎಂದು ಹೇಳಿಕೊಳ್ಳುವುದು ಸಾಮಾನ್ಯವಾಗಿ ಮ್ಯಾಕ್ ವಿಳಾಸದಿಂದಲ್ಲ, ಈ ಸಾಲಿನಿಂದ ಹುಟ್ಟಿದ ಗುರುತಿನಿಂದ. ಇಮೇಜಿನ ಜೊತೆ ಆ ಸಾಲೂ ನಕಲಾಗಿದೆ. ಹಾಗಾಗಿ ಒಬ್ಬನೇ ಎರಡು ಸಲ ಬಂದನೆಂದು ತಿಳಿದು ಡಿಎಚ್‌ಸಿಪಿ ಹಳೆಯ ವಿಳಾಸವನ್ನೇ ಕೊಡುತ್ತದೆ. ಕಡತವನ್ನು ಅಳಿಸದೆ, ಒಳಗಿನ ಸಾಲನ್ನು ಮಾತ್ರ ಖಾಲಿ ಮಾಡಿ ಇಮೇಜ್ ತೆಗೆದರೆ ಪ್ರತಿ ನಕಲೂ ಮೊದಲ ಬೂಟ್‌ನಲ್ಲಿ ತನ್ನದೇ ಗುರುತು ಬರೆದುಕೊಳ್ಳುತ್ತದೆ.

ಐವತ್ತು ಸರ್ವರ್‌ಗಳಿಗೆ ಒಂದೊಂದಾಗಿ ಆಪರೇಟಿಂಗ್ ಸಿಸ್ಟಂ ಹಾಕುತ್ತಾ ಕೂರಲು ಯಾರಿಗೂ ಪುರಸೊತ್ತಿಲ್ಲ. ಒಂದನ್ನು ಅಣಿಗೊಳಿಸಿ, ಪಡಿಯಚ್ಚು ತೆಗೆದು, ಉಳಿದವಕ್ಕೆ ಇಳಿಸುವುದೇ ರೂಢಿ. ಆದರೆ ಅಚ್ಚಿನ ಕೆಲಸದಲ್ಲಿ ಏನನ್ನು ಉಳಿಸಬೇಕು ಎನ್ನುವುದಕ್ಕಿಂತ ಏನನ್ನು ಮರೆಸಬೇಕು ಎನ್ನುವುದೇ ಕಷ್ಟದ ಪ್ರಶ್ನೆ.

ವಿಂಡೋಸ್‌ನಲ್ಲಿ ಈ ಮರೆಸುವ ಕೆಲಸ ಸಿಸ್‌ಪ್ರೆಪ್ ಎಂಬ ಸಾಧನದ್ದು. ಯಂತ್ರದ ಗುರುತಾದ ಎಸ್‌ಐಡಿ ಸಂಖ್ಯೆ ಎರಡು ಕಡೆ ಒಂದೇ ಆದರೆ ಅನಾಹುತ ಎಂದು ಬಹುಕಾಲ ಎಲ್ಲರೂ ನಂಬಿದ್ದರು. ಅದನ್ನು ಬದಲಿಸಲೆಂದೇ ‘ನ್ಯೂಎಸ್‌ಐಡಿ’ ಎಂಬ ಸಾಧನ ಬರೆದಿದ್ದ ಮಾರ್ಕ್ ರುಸಿನೊವಿಚ್, 2009ರಲ್ಲಿ ಆ ಭಯಕ್ಕೆ ಆಧಾರವಿಲ್ಲವೆಂದು ಹೇಳಿ ತಮ್ಮ ಸಾಧನವನ್ನೇ ಹಿಂದಕ್ಕೆ ಪಡೆದರು. ಸ್ವಂತ ಕೆಲಸವನ್ನು ಹೀಗೆ ಕೈಬಿಡುವುದಕ್ಕೆ ದೊಡ್ಡ ಪ್ರಾಮಾಣಿಕತೆ ಬೇಕು. ಆದರೂ ಸಿಸ್‌ಪ್ರೆಪ್ ಬೇಕೇ ಬೇಕು ಎಂದು ಅವರೇ ಹೇಳಿದರು. ಅಪ್‌ಡೇಟ್ ಹಂಚುವ ಡಬ್ಲ್ಯೂಸಸ್ ವ್ಯವಸ್ಥೆಯ ಗುರುತಿನಂಥವು ಎಸ್‌ಐಡಿಯ ಆಚೆಗೂ ಇವೆಯಲ್ಲ. ಆ ಗುರುತು ನಕಲಾದರೆ ಪಟ್ಟಿಯಲ್ಲಿ ಒಂದು ಯಂತ್ರ ಕಾಣಿಸಿದಾಗ ಇನ್ನೊಂದು ಮಾಯವಾಗುತ್ತದೆ.

ಇದಕ್ಕಿಂತ ಗಂಭೀರವಾದದ್ದು, ಸರ್ವರ್ ತನ್ನ ಗುರುತನ್ನು ಸಾಬೀತುಪಡಿಸುವ ಎಸ್‌ಎಸ್‌ಎಚ್ ಕೀಲಿ. ಇಮೇಜಿನೊಳಗೇ ಅದು ಉಳಿದರೆ ಎಲ್ಲ ಸರ್ವರ್‌ಗಳಿಗೂ ಒಂದೇ ಬೀಗದಕೈ ಆಗುತ್ತದೆ. ಸಂಶೋಧಕಿ ನಾಡಿಯಾ ಹೆನಿಂಗರ್ ಮತ್ತು ಸಂಗಡಿಗರು 2012ರಲ್ಲಿ ಇಂಟರ್‌ನೆಟ್ಟನ್ನೇ ಜಾಲಾಡಿ, ಹೀಗೆ ಕೀಲಿ ಹಂಚಿಕೊಂಡ ಯಂತ್ರಗಳು ಅಪಾರ ಸಂಖ್ಯೆಯಲ್ಲಿವೆ ಎಂದು ತೋರಿಸಿದರು. ಕಾರಣಗಳು ಹಲವು, ಆದರೆ ಅಪಾಯ ಒಂದೇ.

ಮರೆವು ಹೆಚ್ಚಾದರೂ ಕಷ್ಟ. ಹಳೆಯ ಯಂತ್ರದ ಡಿಸ್ಕ್ ಡ್ರೈವರ್ ಮಾತ್ರ ಇಟ್ಟುಕೊಂಡ ಇಮೇಜು ಹೊಸ ಯಂತ್ರಕ್ಕೆ ಹೋದರೆ ತನ್ನ ಡಿಸ್ಕೇ ಅದಕ್ಕೆ ಕಾಣುವುದಿಲ್ಲ. ವಿಂಡೋಸ್ 0x7ಬಿ ಎಂಬ ದೋಷ ತೋರಿಸಿ ನಿಲ್ಲುತ್ತದೆ.

ನೆಟ್‌ವರ್ಕ್ ಮೂಲಕ ಇಮೇಜ್ ಇಳಿಸುವಾಗ ಕೈಕೊಟ್ಟರೆ, ಎಲ್ಲಿ ನಿಂತಿತು ಎಂದು ಮೊದಲು ನೋಡಿ. ಐಪಿಯೇ ಸಿಗದಿದ್ದರೆ, ಡಿಎಚ್‌ಸಿಪಿಯ ಕೂಗು ರೌಟರ್ ದಾಟಿಲ್ಲದಿರಬಹುದು. ಐಪಿ ಸಿಕ್ಕು ಬೂಟ್ ಕಡತ ಬಾರದಿದ್ದರೆ, ಟಿಎಫ್‌ಟಿಪಿಯ 69ನೇ ಪೋರ್ಟನ್ನು ಫೈರ್‌ವಾಲ್ ತಡೆದಿರಬಹುದು. ಕಡತ ಬಂದೂ ಓಡದಿದ್ದರೆ, ಯುಇಎಫ್‌ಐ ಯಂತ್ರಕ್ಕೆ ಹಳೆಯ ಬಯೋಸ್ ಕಡತ ಹೋಗಿದೆಯೇ ನೋಡಿ. ವಿಂಡೋಸ್ ಸೆಟಪ್ ಪರದೆಯವರೆಗೂ ಬಂದು ಅಲ್ಲಿ ನಿಂತರೆ, ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿ, ತೆರೆದ ಕಪ್ಪು ಕಿಟಕಿಯಲ್ಲಿ ‘ಐಪಿಕಾನ್ಫಿಗ್’ ಎಂದು ಟೈಪಿಸಿ. ವಿಳಾಸವೇ ಕಾಣದಿದ್ದರೆ ಆ ಬೂಟ್ ಇಮೇಜಿನಲ್ಲಿ ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಇಲ್ಲವೆಂದೇ ಮೊದಲು ಶಂಕಿಸಿ. ಸರ್ವರನ್ನು ಮತ್ತೆ ಮತ್ತೆ ರೀಸ್ಟಾರ್ಟ್ ಮಾಡುವುದಕ್ಕಿಂತ ಹೀಗೆ ಹಂತ ಹಂತವಾಗಿ ನೋಡುವುದು ಎಷ್ಟೋ ವಾಸಿ.

ಕೊನೆಗೊಂದು ವಿನಂತಿ. ಸಿಸ್‌ಪ್ರೆಪ್ ಮುಗಿಸಿದ ಅಥವಾ ಮಷೀನ್-ಐಡಿ ಖಾಲಿ ಮಾಡಿದ ಮೂಲ ಯಂತ್ರವನ್ನು, ಸರಿಯಿದೆಯೇ ಎಂದು ನೋಡುವ ಆಸೆಗೂ ಅದರ ಡಿಸ್ಕಿನಿಂದ ಬೂಟ್ ಮಾಡಬೇಡಿ. ಒಮ್ಮೆ ಎದ್ದರೆ ಅದು ಹೊಸ ಗುರುತು ಬರೆದುಕೊಂಡುಬಿಡುತ್ತದೆ. ಆಮೇಲೆ ತೆಗೆದ ಪ್ರತಿ ನಕಲಿನಲ್ಲೂ ಅದೇ ಇರುತ್ತದೆ.