ಹಂಚಿನ ಮಾಡು ಹೆಡ್‌ಸೆಟ್ಟಿಗೆ ಏರುವ ಬಗೆ

ಮಂಗಳೂರಿನ ಸುತ್ತ ಮನೆ ಕಟ್ಟಿಸುವವರಲ್ಲಿ ದುಬೈ, ಮಸ್ಕತ್, ಕುವೈತಿನಲ್ಲಿ ದುಡಿಯುವವರು ಬಹಳ. ಮನೆ ಏಳುವುದು ದೇರೆಬೈಲಿನಲ್ಲೋ ಕುಲಶೇಖರದಲ್ಲೋ, ಯಜಮಾನರು ಇರುವುದು ಸಮುದ್ರದಾಚೆ. ಹಿಂದೆ ಅವರಿಗೆ ಪ್ಲಾನ್, ಎಲಿವೇಷನ್‌ಗಳ ಹಾಳೆ ಹೋಗುತ್ತಿತ್ತು, ಆಮೇಲೆ ಬಣ್ಣದ ತ್ರೀಡಿ ಚಿತ್ರ ಬಂತು. ಈಗ ವರ್ಚುವಲ್ ರಿಯಾಲಿಟಿಯ (ವಿಆರ್) ಹೆಡ್‌ಸೆಟ್ ಏರಿಸಿಕೊಂಡು ಸಿಟೌಟಿನಿಂದ ಚಾವಡಿಗೆ, ಚಾವಡಿಯಿಂದ ಅಡುಗೆಮನೆಗೆ ನಡೆದು, ಕಿಟಕಿ ತಗ್ಗಾಯಿತು ಎಂದು ಪಂಚಾಂಗ ಹಾಕುವ ಮೊದಲೇ ಹೇಳಬಹುದು. ಹೆಡ್‌ಸೆಟ್ಟಿನ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ಆರ್ಕಿಟೆಕ್ಟರ ಕಂಪ್ಯೂಟರಿನಲ್ಲಿರುವ ಮನೆಯನ್ನು ಅದರೊಳಕ್ಕೆ ಮುಟ್ಟಿಸುವ ಫೈಲಿನ ಬಗ್ಗೆ, ಆ ಫೈಲನ್ನು ಹದಗೊಳಿಸುವ ಕೈಗಳ ಬಗ್ಗೆ ಮಾತು ಕಡಿಮೆ. ನನಗೆ ಅತಿ ಹೆಚ್ಚು ಗೌರವ ಇರುವುದು ಆ ಕೆಲಸದ ಮೇಲೆ.

ಅದು ಯಾಕೆ ಕಷ್ಟ ಎಂದು ನೋಡಿ. ರೆವಿಟ್ ತಂತ್ರಾಂಶಕ್ಕೆ ಗೋಡೆ ಎಂದರೆ ಗೋಡೆಯೇ: ಇಷ್ಟು ಇಂಚು ದಪ್ಪ, ಕೆಂಪುಕಲ್ಲು, ಮೇಲೆ ಗಾರೆ, ನಡುವೆ ಇಂಥ ಬಾಗಿಲು. ರೈನೋ ತಂತ್ರಾಂಶದಲ್ಲಿ ಕಮಾನು ಒಂದು ಗಣಿತದ ಸೂತ್ರ. ಹೆಡ್‌ಸೆಟ್ಟಿಗೆ ಇದಾವುದೂ ತಿಳಿಯದು, ಅದಕ್ಕೆ ತ್ರಿಕೋನಗಳು ಬೇಕು. ಕಮಾನನ್ನೂ ಗೋಡೆಯನ್ನೂ ಚಿಕ್ಕ ಚಿಕ್ಕ ತ್ರಿಕೋನಗಳಾಗಿ ಒಡೆದು ಕೊಟ್ಟರೆ ಅದು ಸೆಕೆಂಡಿಗೆ 72 ಅಥವಾ 90 ಸಲ, ಒಂದೊಂದು ಕಣ್ಣಿಗೂ ಬೇರೆ ಬೇರೆಯಾಗಿ ಅವನ್ನು ಬಿಡಿಸುತ್ತದೆ. 90 ಸಲ ಎಂದರೆ ಒಂದು ಸಲಕ್ಕೆ ಸಿಗುವ ಸಮಯ 11 ಮಿಲಿಸೆಕೆಂಡ್. ಅಷ್ಟರಲ್ಲಿ ಮುಗಿಯದಿದ್ದರೆ ತಲೆ ಹೊರಳಿದ ಮೇಲೆ ಮನೆ ಹೊರಳುತ್ತದೆ, ನೋಡುವವರಿಗೆ ಹೊಟ್ಟೆ ತೊಳಸುತ್ತದೆ.

ಈ ಊರಿನಲ್ಲಿ ಆ ಲೆಕ್ಕವನ್ನು ಮೊದಲು ಪರೀಕ್ಷೆಗೆ ಒಡ್ಡುವುದು ಹಂಚು. ಒಂದು ಚದರ ಮೀಟರಿಗೆ ಹದಿನೈದರ ಆಸುಪಾಸು ಮಂಗಳೂರು ಹಂಚು ಕೂರುತ್ತವೆ. 200 ಚದರ ಮೀಟರಿನ ಮಾಡಿಗೆ 3,000 ಹಂಚು. ಹಂಚಿನ ತೋಡುಗೆರೆ, ಅಂಚಿನ ಕೊಂಡಿ, ಎಲ್ಲವನ್ನೂ ಚೆಂದವಾಗಿ ರೂಪಿಸಿ ಒಂದು ಹಂಚಿಗೆ 2,000 ತ್ರಿಕೋನ ಬಂತು ಎಂದುಕೊಳ್ಳಿ. ಮಾಡು ಒಂದೇ 60 ಲಕ್ಷ ತ್ರಿಕೋನ. ಕಂಪ್ಯೂಟರಿನ ಆಸರೆಯಿಲ್ಲದ, ತಲೆಗೆ ಏರಿಸಿಕೊಂಡೇ ಓಡಾಡುವ ಹೆಡ್‌ಸೆಟ್ ನೆಮ್ಮದಿಯಾಗಿ ಬಿಡಿಸುವುದು ಸುಮಾರು ಹತ್ತು ಲಕ್ಷ. ಮನೆ ಇನ್ನೂ ಬಾಕಿ ಇದೆ!

ಇಲ್ಲಿ ಫೈಲಿನ ನಮೂನೆ ಯಾವುದು ಎಂಬ ಪ್ರಶ್ನೆ ಬರುತ್ತದೆ. ಹಳೆಯ, ಹೆಚ್ಚುಕಡಿಮೆ ಎಲ್ಲ ತಂತ್ರಾಂಶಗಳೂ ಓದುವ ನಮೂನೆ ಓಬಿಜೆ. 1980ರ ದಶಕದಲ್ಲಿ ವೇವ್‌ಫ್ರಂಟ್ ಕಂಪನಿ ರೂಪಿಸಿದ್ದು. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು, ಬಿಂದುಗಳ ಒಂದು ಪಟ್ಟಿ, ಯಾವ ಬಿಂದುಗಳು ಸೇರಿ ಒಂದು ಮುಖವಾಗುತ್ತವೆ ಎಂಬ ಇನ್ನೊಂದು ಪಟ್ಟಿ. ಆ ಸರಳತೆಯಿಂದಲೇ ಅದು ಇಂದಿಗೂ ಉಳಿದಿದೆ. ಆದರೆ ‘ಇದೂ ಅದೇ ಹಂಚು’ ಎಂದು ಹೇಳುವ ದಾರಿ ಅದಕ್ಕಿಲ್ಲ. 3,000 ಹಂಚಿದ್ದರೆ 3,000 ಸಲವೂ ಪೂರ್ತಿ ಬರೆಯುತ್ತದೆ.

ಜಿಎಲ್‌ಟಿಎಫ್ ಎಂಬ ನಮೂನೆಗೆ ಆ ದಾರಿ ಗೊತ್ತು. ಹಂಚಿನ ರೂಪವನ್ನು ಒಮ್ಮೆ ಮಾತ್ರ ಬರೆದು, ಉಳಿದದ್ದಕ್ಕೆ ಎಲ್ಲಿ, ಎಷ್ಟು ವಾಲಿಸಿ, ಯಾವ ಅಳತೆಯಲ್ಲಿ ಎಂಬುದನ್ನಷ್ಟೇ ಬರೆದಿಡುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಾಗ ನಡೆದದ್ದೂ ಇದೇ ತರ್ಕ: ಅಚ್ಚು ಒಂದು, ಅದರಿಂದ ಒತ್ತಿದ ಹಂಚು ಸಾವಿರಾರು. ಅಚ್ಚನ್ನು ಕೊಟ್ಟು ಜಾಗ ಹೇಳಿದರೆ ಮಾಡು ತಾನಾಗಿ ಕೂರುತ್ತದೆ.

ಅಲ್ಲಿಗೇ ಮುಗಿಯುವುದಿಲ್ಲ. ಫೈಲ್ ಹಗುರಾಯಿತು, ಹೆಡ್‌ಸೆಟ್ ಬಿಡಿಸಬೇಕಾದ ತ್ರಿಕೋನ ಮಾತ್ರ ಅಷ್ಟೇ ಇದೆ. ಆಗ ಕಸುಬುದಾರರು ಹಂಚನ್ನೇ ತೆಳುಮಾಡುತ್ತಾರೆ. 2,000 ತ್ರಿಕೋನದ ಹಂಚಿನ ಉಬ್ಬುತಗ್ಗನ್ನು ನಾರ್ಮಲ್ ಮ್ಯಾಪ್ ಎಂಬ ಚಿತ್ರವಾಗಿ ಇಳಿಸಿಕೊಂಡು, 40 ತ್ರಿಕೋನದ ಸಾದಾ ಹಂಚಿಗೆ ಹೊದಿಸುತ್ತಾರೆ. ಬೆಳಕು ಬಿದ್ದಾಗ ಗೆರೆಗಳ ನೆರಳು ಮೊದಲಿನಂತೆಯೇ ಕಾಣುತ್ತದೆ. 60 ಲಕ್ಷ ಇದ್ದದ್ದು 1 ಲಕ್ಷ 20 ಸಾವಿರಕ್ಕೆ ಇಳಿಯುತ್ತದೆ. ಒಳಗೆ ಮುಚ್ಚಿಗೆ ಇದ್ದರೆ ಹಂಚು ಹೊರುವ ಪಕ್ಕಾಸು, ರೀಪು ಎರಡನ್ನೂ ಅಳಿಸಿಬಿಡುತ್ತಾರೆ. ಮುಚ್ಚಿಗೆ ಇಲ್ಲದ ಚಾವಡಿಯಾದರೆ ಅವನ್ನು ಒಂದೂ ಬಿಡದೆ ಉಳಿಸುತ್ತಾರೆ, ತಲೆಯೆತ್ತಿದವರಿಗೆ ಕಾಣುವುದು ಅದೇ ತಾನೆ. ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂಬ ಈ ವಿವೇಕವನ್ನು ಯಾವ ಎಕ್ಸ್‌ಪೋರ್ಟ್ ಬಟನ್ನೂ ಕೊಡುವುದಿಲ್ಲ.

ಓಬಿಜೆ, ಜಿಎಲ್‌ಟಿಎಫ್‌ಗಳ ನಡುವೆ ಎಫ್‌ಬಿಎಕ್ಸ್ ಇದೆ. ಕೆನಡಾದ ಕೇಡಾರಾ ಕಂಪನಿಯ ಫಿಲ್ಮ್‌ಬಾಕ್ಸ್‌ನಿಂದ ಹುಟ್ಟಿ, 2006ರಲ್ಲಿ ಆಟೋಡೆಸ್ಕ್ ಕೈಸೇರಿದ ನಮೂನೆ. ಯುನಿಟಿ, ಅನ್‌ರಿಯಲ್ ಎಂಬ ಗೇಮ್ ಎಂಜಿನ್‌ಗಳಿಗೆ ಮಾಡೆಲ್ ಒಯ್ಯಲು ಹೆಚ್ಚಿನವರು ನಂಬಿರುವುದು ಇದನ್ನೇ. ಭಾಗಗಳ ಹೆಸರು, ಒಂದರೊಳಗೊಂದು ಸೇರಿದ ಗುಂಪು, ಬಾಗಿಲು ತೆರೆಯುವ ಚಲನೆ, ಎಲ್ಲವೂ ಹಾಗೆಯೇ ಬರುತ್ತವೆ. ಕಂಪನಿಯೊಂದರ ಒಡೆತನದಲ್ಲಿ ಇರುವುದು ಅದರ ಕೊರತೆ. ಜಿಎಲ್‌ಟಿಎಫ್ ಅನ್ನು ಕ್ರೋನೋಸ್ ಗ್ರೂಪ್ ಎಂಬ ಒಕ್ಕೂಟ 2015ರಲ್ಲಿ ತಂದಿತು, 2017ರಲ್ಲಿ ಎರಡನೇ ಆವೃತ್ತಿ ಬಂತು, 2022ರಲ್ಲಿ ಅದು ಐಎಸ್‌ಒ ಮಾನಕವೂ ಆಯಿತು. ವಿವರಣೆ ಯಾರು ಬೇಕಾದರೂ ಓದುವಂತೆ ತೆರೆದಿದೆ. ಅದರ ಜಿಎಲ್‌ಬಿ ರೂಪದಲ್ಲಿ ಆಕಾರ, ಬಣ್ಣ, ಚಿತ್ರ ಎಲ್ಲ ಒಂದೇ ಫೈಲಿನಲ್ಲಿ ಸೇರಿರುವುದರಿಂದ ಮೇಲ್ ಮಾಡಿದಾಗ ಏನೂ ಹಿಂದೆ ಉಳಿಯದು.

ಅಳತೆ ಮತ್ತು ದಿಕ್ಕು ಇನ್ನೊಂದು ಪಾಠ. ಓಬಿಜೆಯಲ್ಲಿ ಅಂಕಿ ಇದೆ, ಅದು ಮೀಟರೋ ಮಿಲಿಮೀಟರೋ ಎಂಬುದಿಲ್ಲ. ಮಿಲಿಮೀಟರಿನಲ್ಲಿ 3,000 ಎಂದು ಬರೆದ ಗೋಡೆಯನ್ನು ಮೀಟರ್ ಎಂದು ಓದಿದರೆ ಅದು ಮೂರು ಕಿಲೋಮೀಟರ್, ಕುದುರೆಮುಖ ಶಿಖರಕ್ಕಿಂತ ಎತ್ತರ! ಕಟ್ಟಡದ ತಂತ್ರಾಂಶಗಳಿಗೆ ಮೇಲ್ಮುಖ ಎಂದರೆ ಝಡ್ ಅಕ್ಷ, ಜಿಎಲ್‌ಟಿಎಫ್‌ಗೆ ವೈ ಅಕ್ಷ. ಈ ಬದಲಾವಣೆ ತಪ್ಪಿದರೆ ಮನೆ ಮಗ್ಗುಲಿಗೆ ಮಲಗುತ್ತದೆ. ಜಿಎಲ್‌ಟಿಎಫ್‌ನಲ್ಲಿ ಅಳತೆ ಯಾವಾಗಲೂ ಮೀಟರ್, ಮೇಲ್ಮುಖ ಯಾವಾಗಲೂ ವೈ. ಇಷ್ಟು ಗಟ್ಟಿ ಮಾಡಿಟ್ಟದ್ದೇ ದೊಡ್ಡ ಉಪಕಾರ.

ಸೂಕ್ಷ್ಮವಾದ ತೊಡಕೊಂದು ಸರ್ವೆಯಿಂದ ಬರುತ್ತದೆ. ಸರ್ವೆ ಮಾಡಿದವರು ಸೈಟನ್ನು ಯುಟಿಎಂ ಎಂಬ ನಕಾಶೆ ಪದ್ಧತಿಯ ನಿರ್ದೇಶಾಂಕಗಳಲ್ಲಿ ಕೊಡುವುದುಂಟು. ಅದರಲ್ಲಿ ಮಂಗಳೂರು ಸಮಭಾಜಕದಿಂದ ಉತ್ತರಕ್ಕೆ 14 ಲಕ್ಷ ಮೀಟರಿಗೂ ಆಚೆ ಇದೆ. ಹೆಡ್‌ಸೆಟ್ ಸಾಮಾನ್ಯವಾಗಿ ಬಳಸುವ 32 ಬಿಟ್ ಅಂಕಿಗೆ ಅಷ್ಟು ದೊಡ್ಡ ಸಂಖ್ಯೆಯಲ್ಲಿ ಹಿಡಿಯಬಲ್ಲ ಅತಿ ಚಿಕ್ಕ ಹೆಜ್ಜೆ ಹನ್ನೆರಡೂವರೆ ಸೆಂಟಿಮೀಟರ್. ಅದಕ್ಕಿಂತ ಸಣ್ಣದೆಲ್ಲ ಅತ್ತಿತ್ತ ನೆಗೆಯುತ್ತದೆ, ಕಿಟಕಿಯ ಸರಳುಗಳು ಕಂಪಿಸುತ್ತವೆ. ಅನುಭವಿಗಳು ಎಕ್ಸ್‌ಪೋರ್ಟಿಗೆ ಮೊದಲು ಮನೆಯ ಒಂದು ಮೂಲೆಯನ್ನು ಸೊನ್ನೆಗೆ ತಂದು, ನಿಜವಾದ ನಿರ್ದೇಶಾಂಕವನ್ನು ಬೇರೆ ಕಡೆ ಬರೆದಿಟ್ಟುಕೊಳ್ಳುತ್ತಾರೆ. ಸ್ಕೆಚ್‌ಅಪ್ ತಂತ್ರಾಂಶದಲ್ಲಿ ಗೋಡೆಯ ಮುಖಗಳು ಒಳಹೊರಗಾಗಿದ್ದರೆ ಅದನ್ನೂ ಆಗಲೇ ತಿರುಗಿಸುತ್ತಾರೆ. ಹೆಡ್‌ಸೆಟ್ ಸಾಮಾನ್ಯವಾಗಿ ತ್ರಿಕೋನದ ಬೆನ್ನುಭಾಗವನ್ನು ಬಿಡಿಸುವ ಗೋಜಿಗೆ ಹೋಗುವುದಿಲ್ಲವಾಗಿ ಅಂಥ ಗೋಡೆ ಇಲ್ಲವೇ ಇಲ್ಲದಂತೆ ಕಾಣುತ್ತದೆ.

ಹೊಸ ಮನೆಗಳನ್ನು ಬಿಟ್ಟು ಹಳೆಯ ಕಟ್ಟಡಗಳಿಗೆ ಬಂದರೆ ಈ ಕಸುಬಿನ ಆಳ ತಿಳಿಯುತ್ತದೆ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ, ಮೇಲ್ಛಾವಣಿಗಳನ್ನು ಇಟಲಿಯ ಜೆಸ್ವಿಟ್ ಕಲಾವಿದ ಅಂತೋನಿಯೊ ಮೊಸ್ಕೇನಿ 19ನೇ ಶತಮಾನದ ಕೊನೆಯಲ್ಲಿ ಚಿತ್ರಗಳಿಂದ ತುಂಬಿದರು. ಅಲ್ಲಿ ಆಕಾರದ ಭಾರ ಕಡಿಮೆ, ಚಿತ್ರದ್ದೇ ಭಾರ. 4096ಕ್ಕೆ 4096 ಪಿಕ್ಸೆಲ್‌ನ ಒಂದು ಚಿತ್ರ ಜೆಪೆಗ್ ಆಗಿ ಡಿಸ್ಕಿನಲ್ಲಿ ಚಿಕ್ಕದಾಗಿ ಕೂತಿರುತ್ತದೆ. ತೆರೆದು ಗ್ರಾಫಿಕ್ಸ್ ಮೆಮೊರಿಗೆ ಹಾಕಿದ ಕೂಡಲೇ 64 ಎಂಬಿ. ಇಂಥವು ಇಪ್ಪತ್ತು ಸೇರಿದರೆ ಮೆಮೊರಿಗೆ ಭಾರ. ಕೆಟಿಎಕ್ಸ್2 ಎಂಬ ನಮೂನೆಯಲ್ಲಿ ಇಟ್ಟ ಚಿತ್ರ ಮೆಮೊರಿಯ ಒಳಗೂ ಕುಗ್ಗಿದಂತೆಯೇ ಇರುತ್ತದೆ, ಕಾಲುಭಾಗದಷ್ಟು ಜಾಗ ಸಾಕು. ಬಣ್ಣ ತುಸುವೂ ಮಾಸದಂತೆ ಅದನ್ನು ಕುಗ್ಗಿಸುವುದಕ್ಕೆ ಪಳಗಿದ ಕಣ್ಣು ಬೇಕು.

ಮೂಡುಬಿದಿರೆಯ ಸಾವಿರ ಕಂಬದ ಬಸದಿ ಇನ್ನೂ ಕಠಿಣ. 1430ರಲ್ಲಿ ಎದ್ದ ಆ ಬಸದಿಯಲ್ಲಿ ಒಂದು ಕಂಬದಂತೆ ಇನ್ನೊಂದಿಲ್ಲ ಎಂಬುದೇ ಅದರ ಖ್ಯಾತಿ. ಹಂಚಿಗೆ ನಡೆದ ಒಂದೇ ಅಚ್ಚಿನ ಉಪಾಯ ಇಲ್ಲಿ ನಡೆಯದು, ಪ್ರತಿ ಕಂಬವನ್ನೂ ಬೇರೆಯಾಗಿ ಸ್ಕ್ಯಾನ್ ಮಾಡಿ, ಬೇರೆಯಾಗಿ ಹಗುರಗೊಳಿಸಬೇಕು. ಹತ್ತಿರ ನಿಂತಾಗ ಕೆತ್ತನೆ ತುಂಬಿದ ಕಂಬ, ದೂರದಿಂದ ಕಂಡಾಗ ಸಾದಾ ಕಂಬ, ಹೀಗೆ ಒಂದೊಂದಕ್ಕೂ ಮೂರು ನಾಲ್ಕು ರೂಪ ಮಾಡಿಟ್ಟು ನೋಡುವವರ ಹೆಜ್ಜೆಗೆ ತಕ್ಕಂತೆ ಬದಲಿಸುತ್ತಾರೆ. ಬದಲಾದದ್ದು ಗೊತ್ತಾಗದಿದ್ದರೆ ಕೆಲಸ ಗೆದ್ದಿತು.

ಇಷ್ಟೆಲ್ಲ ಹದಗೊಳಿಸುವಾಗ ಕಳೆದುಹೋಗುವುದೂ ಒಂದಿದೆ. ತ್ರಿಕೋನವಾದ ಗೋಡೆಗೆ ತಾನು ಕೆಂಪುಕಲ್ಲಿನದು ಎಂಬ ನೆನಪಿರುವುದಿಲ್ಲ. ಆ ನೆನಪನ್ನು ಉಳಿಸುವ ನಮೂನೆ ಐಎಫ್‌ಸಿ, 2013ರಿಂದ ಐಎಸ್‌ಒ ಮಾನಕ. ಗೋಡೆ, ತೊಲೆ, ಬಾಗಿಲು, ಸಾಮಗ್ರಿ ಎಲ್ಲವನ್ನೂ ಅವುಗಳ ಹೆಸರಿನಲ್ಲೇ ಬರೆದಿಡುತ್ತದೆ. ಅದು ಹೆಡ್‌ಸೆಟ್ಟಿಗೆ ಭಾರ, ನೇರವಾಗಿ ಹಾಕುವಂಥದ್ದಲ್ಲ. ಮೂವತ್ತು ವರ್ಷದ ಬಳಿಕ ರಿಪೇರಿಗೆ ಬಂದವರಿಗೆ ಬೇಕಾಗುವುದು ಮಾತ್ರ ಅದೇ.

ಆದ್ದರಿಂದ ಮನೆ ಕಟ್ಟಿಸುತ್ತಿರುವವರಿಗೆ ಒಂದು ಮಾತು. ಕೆಲಸ ಮುಗಿದಾಗ ಪಿಡಿಎಫ್ ಹಾಳೆಗಳನ್ನಷ್ಟೇ ತೆಗೆದುಕೊಂಡು ಸುಮ್ಮನಾಗಬೇಡಿ. ನಡೆದು ನೋಡಲು ಜಿಎಲ್‌ಬಿ, ದಾಖಲೆಗೆ ಐಎಫ್‌ಸಿ, ಎರಡನ್ನೂ ಆರ್ಕಿಟೆಕ್ಟರಿಂದ ಕೇಳಿ ಪಡೆದು ಆಸ್ತಿಪತ್ರದ ಜತೆ ಇಟ್ಟುಕೊಳ್ಳಿ. ಅದನ್ನು ತಯಾರಿಸುವ ಕೆಲಸಕ್ಕೆ ಬೇರೆ ಹಣ ಕೇಳಿದರೆ ಚೌಕಾಸಿ ಮಾಡದೆ ಕೊಡಿ.