‘ನ್ಯಾಚುರಲ್ ಮಗಾ, ಏನೂ ಆಗಲ್ಲ!’

ಇಂಟರ್ನಲ್ಸ್‌ಗೆ ಉಳಿದಿದ್ದು ನಾಲ್ಕೇ ದಿನ. ಕಂಟ್ರೋಲ್ ಸಿಸ್ಟಮ್ಸ್ ಪೋರ್ಷನ್‌ನಲ್ಲಿ ಅರ್ಧವನ್ನೂ ನಾನು ತೆರೆದು ನೋಡಿರಲಿಲ್ಲ. ಹಾಸ್ಟೆಲ್‌ನಲ್ಲಿ ರಾತ್ರಿ ಊಟ ಮುಗಿದರೆ ಮೆಸ್ ಬಾಗಿಲು ಬಂದ್, ಕಾಫಿಯೂ ಬಂದ್. ಆಗ ನೆನಪಾಗಿದ್ದು ಟ್ರಂಕಿನ ತಳದಲ್ಲಿದ್ದ ಒಂದು ಪೊಟ್ಟಣ.

ಅಮೆರಿಕದ ನಾರ್ತ್ ಕೆರೊಲಿನಾದಲ್ಲಿರುವ ದೊಡ್ಡಪ್ಪನ ಮಗ ಮದುವೆಗೆಂದು ಊರಿಗೆ ಬಂದಾಗ ಕೊಟ್ಟಿದ್ದು ಅದು. ಅಲ್ಲಿನ ಗುಡ್ಡಗಾಡಿನ ಸಂತೆಯೊಂದರಲ್ಲಿ ಕೊಂಡ ಒಣಬೇರಿನ ತೊಗಟೆ. ಪೊಟ್ಟಣದ ಮೇಲೆ ಪೆನ್ನಿನಲ್ಲಿ ‘ಸಾಸಾಫ್ರಾಸ್’ ಎಂದು ಬರೆದಿದ್ದು ಬಿಟ್ಟರೆ ಇನ್ನೇನೂ ಇರಲಿಲ್ಲ. ‘ಅಲ್ಲಿಯ ಅಜ್ಜಿಯರು ಚಳಿಗಾಲ ಮುಗಿದ ಮೇಲೆ ಕಷಾಯ ಮಾಡಿ ಕುಡೀತಾರೆ ಕಣೋ. ಮೈ ಚುರುಕಾಗುತ್ತಂತೆ, ಕೆಫೀನ್ ಇಲ್ಲ’ ಎಂದಿದ್ದ ಅಣ್ಣ. ನನಗೆ ಅಷ್ಟು ಸಾಕಾಗಿತ್ತು.

ಮೊದಲ ರಾತ್ರಿ ಕೆಟಲ್‌ಗೆ ಒಂದು ಚಮಚ ಹಾಕಿ ಕುದಿಸಿದೆ. ನೀರು ಕೆಂಪಾಯಿತು. ಚಕ್ಕೆ, ಸೋಂಪು ಸೇರಿದಂಥ ಘಮ. ಎರಡು ಗಂಟೆಯವರೆಗೆ ಓದಿದೆ. ‘ಕೆಲಸ ಮಾಡ್ತು’ ಎಂದು ಖುಷಿಪಟ್ಟೆ. ಆ ಸಂಜೆ ಗೇಟಿನ ಬಳಿ ಎರಡು ಕಾಫಿ ಕುಡಿದಿದ್ದೆ, ಪರೀಕ್ಷೆಯ ಭಯವೂ ಇತ್ತು ಎನ್ನುವುದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಲ್ಯಾಬ್‌ನಲ್ಲಿ ಹೀಗೆ ಮೂರು ವೇರಿಯಬಲ್‌ಗಳನ್ನು ಒಟ್ಟಿಗೆ ಬದಲಾಯಿಸಿ ರೀಡಿಂಗ್ ಬರೆದರೆ ರೆಕಾರ್ಡ್ ಎಸೆಯುತ್ತಿದ್ದರು! ಎರಡನೇ ರಾತ್ರಿ ಎರಡು ಚಮಚ ಹಾಕಿದೆ. ಬೆವರು ಕಿತ್ತುಕೊಂಡು ಬಂತು, ಹೊಟ್ಟೆ ತೊಳಸಿತು. ನಿದ್ದೆ ಮಾತ್ರ ಎಂದಿನಂತೆ ಹನ್ನೆರಡೂವರೆಗೇ ಬಂತು.

ಮೂರನೇ ರಾತ್ರಿ ರೂಮ್‌ಮೇಟ್ ಕೂಡ ಲೋಟ ಹಿಡಿದು ಬಂದ. ‘ಇದ್ರಲ್ಲಿ ಏನಿದೆಯೋ?’ ಎಂದು ಕೇಳಿದ. ‘ಬೇರು. ನ್ಯಾಚುರಲ್ ಮಗಾ, ಏನೂ ಆಗಲ್ಲ’ ಎಂದೆ. ಅವನು ಲೋಟ ಖಾಲಿ ಮಾಡಿ ಮಲಗಿದ. ಹಿಂದಿನ ಸೆಮಿಸ್ಟರ್‌ನಲ್ಲಿ ಅವನಿಗೆ ಕಾಮಾಲೆ ಆಗಿತ್ತು. ಒಂದೂವರೆ ತಿಂಗಳು ಊರಿನಲ್ಲಿ ಮಲಗಿ, ಅಟೆಂಡೆನ್ಸ್ ಕಳೆದುಕೊಂಡು, ಇನ್ನೂ ಎಣ್ಣೆ ಪದಾರ್ಥಕ್ಕೆ ಹೆದರುವವನು ಅವನು.

ಅವನು ಮಲಗಿದ ಮೇಲೆ ನಾನು ಮೊಬೈಲ್‌ನಲ್ಲಿ ಆ ಬೇರಿನ ಹೆಸರು ಹುಡುಕಿದೆ. ಮಾಡಬೇಕಿದ್ದ ಕೆಲಸವನ್ನು ಮೂರು ದಿನ ತಡವಾಗಿ ಮಾಡಿದ್ದೆ.

ಸಾಸಾಫ್ರಾಸ್ ಉತ್ತರ ಅಮೆರಿಕದ ಪೂರ್ವ ಭಾಗದ ಮರ. ನಮ್ಮ ಚಕ್ಕೆ, ಪಲಾವ್ ಎಲೆಗಳ ಕುಟುಂಬಕ್ಕೇ ಸೇರಿದ್ದು. ಒಂದೇ ಮರದಲ್ಲಿ ಮೂರು ಬಗೆಯ ಎಲೆ: ಸಾದಾ, ಹೆಬ್ಬೆರಳಿರುವ ಕೈಗವಸಿನಂಥದ್ದು, ಮೂರು ಕವಲಿನದ್ದು. ಅಲ್ಲಿನ ಮೂಲನಿವಾಸಿಗಳು ಶತಮಾನಗಳಿಂದ ಇದನ್ನು ಔಷಧಿಯಾಗಿ ಬಳಸಿದವರು. ಚಾಕ್ಟಾ ಜನ ಎಲೆಯನ್ನು ಒಣಗಿಸಿ ಪುಡಿ ಮಾಡುತ್ತಿದ್ದರು. ಲೂಸಿಯಾನಾದ ‘ಗಂಬೊ’ ಸಾರನ್ನು ಗಟ್ಟಿ ಮಾಡಲು ಇವತ್ತಿಗೂ ಆ ಪುಡಿ ಬೇಕು.

ಯುರೋಪಿಗೆ ಈ ಮರದ ಹುಚ್ಚು ಹತ್ತಿದ್ದು 16ನೇ ಶತಮಾನದಲ್ಲಿ. ಸ್ಪೇನಿನ ಸೆವಿಲ್‌ನ ವೈದ್ಯ ನಿಕೊಲಾಸ್ ಮೊನಾರ್ಡೆಸ್ ಇದನ್ನು ಹಲವು ರೋಗಗಳಿಗೆ ಮದ್ದೆಂದು ಹೊಗಳಿ ಬರೆದ. ಸಿಫಿಲಿಸ್ ಕೂಡ ವಾಸಿಯಾಗುತ್ತದೆಂಬ ನಂಬಿಕೆ ಹಬ್ಬಿತು. 1602ರಲ್ಲಿ ಬಾರ್ಥೊಲೊಮ್ಯೂ ಗಾಸ್ನಾಲ್ಡ್, 1603ರಲ್ಲಿ ಮಾರ್ಟಿನ್ ಪ್ರಿಂಗ್ ಹಡಗಿನಲ್ಲಿ ಅಮೆರಿಕದ ತೀರಕ್ಕೆ ಹೋಗಿ ಇದನ್ನು ತುಂಬಿಕೊಂಡು ಇಂಗ್ಲೆಂಡಿಗೆ ಮರಳಿದರು. ಮುಂದೆ ಲಂಡನ್ ಬೀದಿಗಳಲ್ಲಿ ಹಾಲು, ಸಕ್ಕರೆ ಹಾಕಿದ ಸಾಸಾಫ್ರಾಸ್ ಪಾನೀಯ ಕೂಲಿಯವರ ಬೆಳಗಿನ ಚಹಾ ಆಯಿತು. 1876ರಲ್ಲಿ ಫಿಲಡೆಲ್ಫಿಯಾದ ಔಷಧಿ ವ್ಯಾಪಾರಿ ಚಾರ್ಲ್ಸ್ ಹೈರ್ಸ್ ಅಲ್ಲಿನ ದೊಡ್ಡ ವಸ್ತುಪ್ರದರ್ಶನದಲ್ಲಿ ‘ರೂಟ್ ಬಿಯರ್’ ಪರಿಚಯಿಸಿದ. ಆ ಪಾನೀಯದ ವಿಶಿಷ್ಟ ರುಚಿಗೆ ಕಾರಣ ಇದೇ ಬೇರು.

ಇಷ್ಟು ಓದುವವರೆಗೂ ನನಗೆ ಸಮಾಧಾನವಿತ್ತು. ಇಷ್ಟೊಂದು ಜನ ಕುಡಿದಿದ್ದಾರಲ್ಲ! ಮುಂದಿನ ಸಾಲು ನಿದ್ದೆಯನ್ನು ನಿಜವಾಗಿ ಹಾರಿಸಿತು. ಬೇರಿನ ತೊಗಟೆಯ ಎಣ್ಣೆಯಲ್ಲಿ ಸುಮಾರು 80 ಪ್ರತಿಶತ ಇರುವುದು ಸ್ಯಾಫ್ರೋಲ್ ಎಂಬ ರಾಸಾಯನಿಕ. ಇದನ್ನು ತಿನ್ನಿಸಿದ ಇಲಿಗಳಲ್ಲಿ ಯಕೃತ್ತಿನ ಗೆಡ್ಡೆ ಕಾಣಿಸಿಕೊಂಡಿತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1960ರಲ್ಲಿ ಸ್ಯಾಫ್ರೋಲ್ ಮತ್ತು ಸಾಸಾಫ್ರಾಸ್ ಎಣ್ಣೆಯನ್ನು ಆಹಾರದಲ್ಲಿ ಬಳಸದಂತೆ ನಿಷೇಧಿಸಿತು. ಈಗಿನ ರೂಟ್ ಬಿಯರ್‌ನಲ್ಲಿರುವುದು ಸ್ಯಾಫ್ರೋಲ್ ತೆಗೆದ ಸಾರ ಅಥವಾ ಕೃತಕ ರುಚಿ. ಗಂಬೊಗೆ ಹಾಕುವ ಎಲೆಯ ಪುಡಿಯಲ್ಲಿ ಸ್ಯಾಫ್ರೋಲ್ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಅದು ಅಡುಗೆಮನೆಯಲ್ಲಿ ಉಳಿದುಕೊಂಡಿದೆ.

ವಿಚಿತ್ರ ಏನೆಂದರೆ, ಸ್ಯಾಫ್ರೋಲ್ ನೇರವಾಗಿ ಹಾನಿ ಮಾಡುವುದಿಲ್ಲ. ಬೇಡದ್ದನ್ನು ಹೊರಹಾಕಲು ಯಕೃತ್ತಿನ ಕಿಣ್ವಗಳು ಅದರ ರೂಪ ಬದಲಿಸುತ್ತವೆ. ಹಾಗೆ ಬದಲಿಸುವ ದಾರಿಯಲ್ಲಿ ಹುಟ್ಟುವ ಒಂದು ಚುರುಕು ಅಣು ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಮನೆ ಕಾಯುವವನ ಕೈಯಲ್ಲೇ ಕಳ್ಳನಿಗೆ ಚಾಕು ಕೊಡಿಸಿದ ಹಾಗೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಇಟ್ಟಿರುವುದು ‘ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದ’ ವಸ್ತುಗಳ ಗುಂಪಿನಲ್ಲಿ. ‘ತರಬಹುದು’ ಎಂದರೆ ತಂದೇ ತರುತ್ತದೆ ಎಂದಲ್ಲ. ಹೆದರಿಸುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಆದರೆ ಕಾಮಾಲೆಯಿಂದ ಎದ್ದವನಿಗೆ ಗೊತ್ತಿಲ್ಲದೆ ಕೊಡುವ ವಸ್ತು ಖಂಡಿತ ಇದಲ್ಲ.

ಚುರುಕು ತರುವ ಗುಣದ ಕಥೆಯೂ ಅಷ್ಟೇ. ಕಾಫಿಯಂತೆ ಇದು ನಿದ್ದೆ ತಡೆಯುತ್ತದೆ ಎನ್ನಲು ಗಟ್ಟಿ ಆಧಾರ ನನಗೆ ಸಿಗಲಿಲ್ಲ. ಹಳೆಯ ಕಾಲದವರು ಇದನ್ನು ಕುಡಿಯುತ್ತಿದ್ದುದು ಬೆವರು ಬರಿಸಲು, ‘ರಕ್ತ ಶುದ್ಧಿ’ಗೆ. ನನಗೆ ಬಂದ ಬೆವರು ಅದೇ! ‘ಅದ್ರಲ್ಲಿ ಕಿಕ್ ಇರುತ್ತೆ’ ಎಂದು ಸೀನಿಯರ್ ಒಬ್ಬರು ಹೇಳಿದ್ದರು. ಸ್ಯಾಫ್ರೋಲ್ ಅನ್ನು ಅಕ್ರಮ ಮಾದಕ ವಸ್ತು ತಯಾರಿಕೆಗೆ ದುರುಪಯೋಗ ಮಾಡುವುದು ನಿಜ. ಅದಕ್ಕಾಗಿಯೇ ವಿಶ್ವಸಂಸ್ಥೆಯ 1988ರ ಒಪ್ಪಂದದ ನಿಗಾ ಪಟ್ಟಿಯಲ್ಲಿ ಅದಿದೆ. ಆದರೆ ಕಷಾಯ ಕುಡಿದರೆ ಹೊಟ್ಟೆಯಲ್ಲಿ ಆ ಮಾದಕ ವಸ್ತು ತಯಾರಾಗುವುದಿಲ್ಲ. ಕಿಕ್ ಎನ್ನುವುದು ಕೇವಲ ಗಾಳಿಮಾತು.

ಬೆಳಿಗ್ಗೆ ಅವನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಇಡೀ ದಿನ ಕ್ಲಾಸಿನಲ್ಲಿ ಅವನ ಕಣ್ಣು ಹಳದಿಯಾಗಿದೆಯೇ ಎಂದು ಕದ್ದು ನೋಡುತ್ತಿದ್ದೆ. ಸಂಜೆ ತಡೆಯಲಾರದೆ ಎಲ್ಲ ಹೇಳಿದೆ. ಅವನು ಬೈಯಲಿಲ್ಲ. ‘ನಾನು ಕೇಳಿದ್ದೆ ಅಲ್ವಾ ನಿನ್ನ?’ ಎಂದ, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಇಬ್ಬರೂ ವೈದ್ಯರ ಬಳಿ ಹೋದೆವು. ‘ಒಂದು ಲೋಟಕ್ಕೆ ಗಾಬರಿ ಬೇಡ, ಆದರೆ ಇನ್ನು ಮುಟ್ಟಬೇಡಿ’ ಎಂದು ಹೇಳಿ ರಕ್ತ ಪರೀಕ್ಷೆ ಬರೆದುಕೊಟ್ಟರು. ಆಮೇಲೆ ಕೇಳಿದರು, ‘ಎಷ್ಟು ಗ್ರಾಂ ಹಾಕಿದ್ದೆ?’ ನನ್ನ ಬಳಿ ಉತ್ತರವಿರಲಿಲ್ಲ. ಚಮಚ ಎಂದೆ. ‘ಯಾವ ಚಮಚ?’ ಎಂದರು.

ರೂಮಿಗೆ ಬಂದು ಲೆಕ್ಕ ಹಾಕಿದೆ. ತೊಗಟೆಯಲ್ಲಿ ಎಣ್ಣೆ ಸುಮಾರು 5ರಿಂದ 9 ಪ್ರತಿಶತ. ಎರಡೂವರೆ ಗ್ರಾಂ ತೊಗಟೆ ಎಂದಿಟ್ಟುಕೊಂಡರೆ ಅದರಲ್ಲಿ 100ರಿಂದ 180 ಮಿಲಿಗ್ರಾಂ ಸ್ಯಾಫ್ರೋಲ್ ಇರಬಹುದು. ಅದು ನೀರಿನಲ್ಲಿ ಸುಲಭವಾಗಿ ಕರಗುವ ವಸ್ತುವಲ್ಲ. ಲೋಟಕ್ಕೆ ಎಷ್ಟು ಇಳಿಯಿತು ಎನ್ನುವುದು ಬೇರಿನ ವಯಸ್ಸು, ಕುದಿಸಿದ ಹೊತ್ತು ಎಲ್ಲದರ ಮೇಲೆ ನಿಂತಿದೆ. ಅಂದರೆ ನಾನು ಸ್ನೇಹಿತನಿಗೆ ಕೊಟ್ಟ ಪ್ರಮಾಣ ನನಗೇ ಗೊತ್ತಿಲ್ಲ, ಎಂದಿಗೂ ಗೊತ್ತಾಗುವುದಿಲ್ಲ. ಕೆಫೀನ್ ಕೂಡ ಗಿಡದಿಂದಲೇ ಬಂದದ್ದು. ಆದರೆ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ ಸಾಮಾನ್ಯವಾಗಿ ತೊಂದರೆಯಿಲ್ಲ ಎಂದು ಅಳೆದು ಹೇಳುವವರಿದ್ದಾರೆ. ವ್ಯತ್ಯಾಸ ಗಿಡದ್ದಲ್ಲ, ಅಳತೆಯದ್ದು.

ಇದು ಅಮೆರಿಕದ ಬೇರಿನ ಕಥೆ, ನಮಗೇನು ಎನ್ನಬೇಡಿ. ಸ್ಯಾಫ್ರೋಲ್ ನಮ್ಮ ಜಾಕಾಯಿಯಲ್ಲೂ ಅಲ್ಪ ಪ್ರಮಾಣದಲ್ಲಿದೆ. ಪಾಯಸಕ್ಕೆ ಚಿಟಿಕೆ ಹಾಕಿದರೆ ಘಮ. ಅದೇ ಪುಡಿಯನ್ನು ಚಮಚಗಟ್ಟಲೆ ತಿಂದವರು ವಾಂತಿ, ಎದೆಬಡಿತ, ಭ್ರಮೆಯಿಂದ ಆಸ್ಪತ್ರೆ ಸೇರಿದ್ದಿದೆ. ನಮ್ಮ ಮನೆಗಳಲ್ಲಿ ಮಗುವಿನ ನಾಲಿಗೆಗೆ ತೇಯ್ದು ಹಚ್ಚುವ ಬಜೆ ಬೇರನ್ನು ಅಮೆರಿಕ 1968ರಲ್ಲಿ ಆಹಾರದಿಂದ ನಿಷೇಧಿಸಿತು. ಅದರ ಬೀಟಾ ಅಸರೋನ್ ಕೂಡ ಇಲಿಗಳಲ್ಲಿ ಗೆಡ್ಡೆ ತಂದಿತ್ತು. ಭಾರತದ ಬಜೆಯಲ್ಲಿ ಅದರ ಅಂಶ ಹೆಚ್ಚು, ಅಮೆರಿಕದ ಮೂಲ ತಳಿಯಲ್ಲಿ ಅದು ಇಲ್ಲವೇ ಇಲ್ಲ. ಮನೆಯಲ್ಲಿ ಮಗುವಿದ್ದರೆ ಈ ವಿಷಯ ವೈದ್ಯರನ್ನು ಒಮ್ಮೆ ಕೇಳುವುದು ಒಳ್ಳೆಯದು.

ಅಜ್ಜಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅಜ್ಜಿ ಪೂರ್ತಿ ಕೇಳಿ, ‘ಜಾಕಾಯಿ ಎರಡು ಸುತ್ತು ತೇಯಬೇಕು ಕಣೋ, ಮೂರನೇ ಸುತ್ತು ತೇಯಬಾರದು ಅಂತ ನಮ್ಮತ್ತೆ ಹೇಳ್ಕೊಟ್ಟಿದ್ರು. ನಿನಗೆ ಆ ಬೇರಿಗೆ ಎಷ್ಟು ಸುತ್ತು ಅಂತ ಯಾರು ಹೇಳ್ಕೊಟ್ರು?’ ಎಂದರು. ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿರುವ ನನಗಿಂತ ಸಾಣೆಕಲ್ಲಿನ ಮುಂದೆ ಕೂತ ಅಜ್ಜಿಗೆ ಡೋಸ್ ಎಂದರೇನೆಂದು ಚೆನ್ನಾಗಿ ಗೊತ್ತಿದೆ.

ರೂಮ್‌ಮೇಟ್‌ನ ರಿಪೋರ್ಟ್ ನಾರ್ಮಲ್ ಬಂತು. ಇಂಟರ್ನಲ್ಸ್‌ನಲ್ಲಿ ನನಗೆ ಬಂದ ಅಂಕ ನಾರ್ಮಲ್ ಅಲ್ಲ, ಅದನ್ನು ಇಲ್ಲಿ ಬರೆಯುವುದಿಲ್ಲ. ಪೊಟ್ಟಣವನ್ನು ಕಸಕ್ಕೆ ಹಾಕಿದೆ. ಮುಂದಿನ ಇಂಟರ್ನಲ್ಸ್‌ಗೆ ಹನ್ನೊಂದಕ್ಕೆ ಮಲಗಿ ಐದಕ್ಕೆ ಎದ್ದು ಓದಿದೆವು. ಗೇಟಿನ ಬಳಿಯ ಅಂಗಡಿಯಿಂದ ಎರಡು ಕಾಫಿ ತಂದು ಅವನ ಮುಂದೆ ಒಂದಿಟ್ಟೆ. ಲೋಟ ಎತ್ತುವ ಮೊದಲು ನನ್ನ ಮುಖ ನೋಡಿ ಕೇಳಿದ, ‘ಇದ್ರಲ್ಲಿ ಏನಿದೆಯೋ?’

ಈ ಸಲ ಪೂರ್ತಿ ಉತ್ತರ ಹೇಳಿದೆ.